ಇಳಿಯದೆ ಹೋದ ವಿಮಾನ

ವಿಮಾನ ನೆಲ ಮುಟ್ಟಿದ ಕೂಡಲೇ ಚಪ್ಪಾಳೆ ತಟ್ಟುವ ಅಭ್ಯಾಸ ಕೆಲವರಿಗುಂಟು. ಅದನ್ನು ನಾವು ತಪ್ಪೆನ್ನುವುದಿಲ್ಲ. ನಾಟಕ ಮುಗಿದರೆ ತಟ್ಟುತ್ತೇವೆ, ಸಂಘದ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರ ಭಾಷಣ ಕೊನೆಗೂ ಮುಗಿಯಿತೆಂದು ತಟ್ಟುತ್ತೇವೆ. ಇನ್ನೂರು ಮುನ್ನೂರು ಜನರನ್ನು ಹೊತ್ತ ಯಂತ್ರವನ್ನು ಆಕಾಶದಿಂದ ಕೆಳಗಿಳಿಸಿದವರಿಗೆ ಒಂದು ಚಪ್ಪಾಳೆ ದುಬಾರಿಯೇನಲ್ಲ. ನಮ್ಮ ತಕರಾರು ಬೇರೆ. ಇಳಿಯಲೆಂದು ಬಂದು, ಇಳಿಯದೆ, ಮತ್ತೆ ಮೇಲೆದ್ದು ಹೋದ ವಿಮಾನದ ಕ್ಯಾಪ್ಟನ್ನರಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾವು ಈವರೆಗೆ ಕಂಡಿಲ್ಲ, ಕೇಳಿಲ್ಲ.

2022ರ ಫೆಬ್ರವರಿ 18ರಂದು ಇಂಗ್ಲೆಂಡಿಗೆ 'ಯೂನಿಸ್' ಎಂಬ ಬಿರುಗಾಳಿ ಬಂದದ್ದು ವಾಚಕರಿಗೆ ನೆನಪಿರಬಹುದು. ದಕ್ಷಿಣದ ವೈಟ್ ದ್ವೀಪದ ತುದಿಯಲ್ಲಿ ಅಂದು ಗಾಳಿಯ ವೇಗ ಗಂಟೆಗೆ 122 ಮೈಲಿ ಮುಟ್ಟಿತ್ತು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಹೊರಗೆ ಒಬ್ಬಾತ ಕ್ಯಾಮೆರಾ ಹಿಡಿದು ನಿಂತು, ತೂರಾಡುತ್ತ ಇಳಿಯುವ ವಿಮಾನಗಳನ್ನು ಜಗತ್ತಿಗೆಲ್ಲ ತೋರಿಸಿದ. ಒಂದೇ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ನೋಡಿದರು. ಆ ಗಾಳಿಯಲ್ಲೇ ಏರ್ ಇಂಡಿಯಾದ ಎರಡು ವಿಮಾನಗಳು, ಒಂದು ಹೈದರಾಬಾದಿನಿಂದ, ಇನ್ನೊಂದು ಗೋವೆಯಿಂದ ಬಂದದ್ದು, ಸುಸೂತ್ರವಾಗಿ ಇಳಿದವು. ನಮ್ಮ ಕಚೇರಿಯಲ್ಲಿ ಮೂರು ದಿನ ಎಲ್ಲರ ಫೋನಿನಲ್ಲೂ ಅದೇ ಚಿತ್ರ, ಎಲ್ಲರ ಬಾಯಲ್ಲೂ ಅದೇ ಮಾತು. ನಮಗೂ ಅಭಿಮಾನವಾಯಿತು, ಯಾಕೆ ಸುಳ್ಳು ಹೇಳಬೇಕು. ಆದರೆ ಅದೇ ದಿನ ಅದೇ ರನ್‌ವೇಗೆ ಬಂದು, ಗಾಳಿಯನ್ನು ಅಳೆದು ನೋಡಿ, ಬೇಡವೆಂದು ಮೇಲೇರಿದ ವಿಮಾನಗಳೂ ಹಲವಿದ್ದವು. ಅವುಗಳ ಪೈಲಟರು ಯಾವ ದೇಶದವರು, ಯಾರ ಮಕ್ಕಳು ಎಂದು ಯಾರೂ ವಿಚಾರಿಸಲಿಲ್ಲ.

ಎರಡು ವರ್ಷ ಕಳೆದು, 2024ರ ನವೆಂಬರ್ 30ರಂದು, ನಮ್ಮ ಮುಂಬಯಿಯಿಂದಲೇ ಹೊರಟ ಇಂಡಿಗೋ ವಿಮಾನವೊಂದು 'ಫೆಂಗಲ್' ಚಂಡಮಾರುತದ ಹೊತ್ತಿನಲ್ಲಿ ಚೆನ್ನೈಗೆ ಇಳಿಯಲು ಹೋಯಿತು. ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಒಂದು ಬದಿಗೆ ವಾಲಿತು; ಮರುಕ್ಷಣ ಮೂತಿ ಎತ್ತಿ ಮೇಲಕ್ಕೆ ಹಾರಿತು. ಆ ಚಿತ್ರವೂ ಫೋನಿನಿಂದ ಫೋನಿಗೆ ಹರಿದಾಡಿತು. ಆದರೆ ಈ ಸಲ ಅದರ ಕೆಳಗೆ ಬರೆದದ್ದು 'ಕೂದಲೆಳೆಯ ಅಂತರದಲ್ಲಿ ಪಾರು' ಎಂಬ ಧಾಟಿಯ ಮಾತು. ವಿಮಾನ ಸಂಸ್ಥೆಯವರು ಇದು ನಿಯಮಕ್ಕೆ ಅನುಸಾರವಾಗಿಯೇ ಮಾಡಿದ ಕೆಲಸ ಎಂದು ತಿಳಿಸಿದರೂ ಕೇಳುವವರಿಲ್ಲ. ಕೂದಲೆಳೆ ಎಂದರೆ ದೈವ ಕಾಪಾಡಿತು ಎಂದಂತಾಯಿತು. ಪೈಲಟರು ಮಾಡಿದ್ದು ಕಲಿತ ವಿದ್ಯೆ, ಸಾರಿ ಸಾರಿ ಅಭ್ಯಾಸ ಮಾಡಿದ ಕೆಲಸ. ಅದನ್ನು ಅವರ ಭಾಷೆಯಲ್ಲಿ 'ಗೋ ಅರೌಂಡ್' ಎನ್ನುತ್ತಾರೆ. ಒಂದು ಸುತ್ತು ಹಾಕಿ ಬಾ ಎಂದಷ್ಟೇ ಅರ್ಥ.

ಇದನ್ನೆಲ್ಲ ಬರೆಯಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ನಾವು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಯು.ಡಿ.ಸಿ. ಬಹಳ ಹಿಂದೆ ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದವರು. ಅಲ್ಲಿ ಕಲಿತ ಭೌತಶಾಸ್ತ್ರ ಕಳೆದ ಇಪ್ಪತ್ತು ವರ್ಷಗಳಲ್ಲಿ ಟಿ.ಎ. ಬಿಲ್ಲಿನ ಕೂಡು-ಕಳೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಒದಗಿಲ್ಲ. ಆದರೆ ನಾವಿರುವುದು ಘಾಟ್ಕೋಪರಿನ ಸರ್ಕಾರಿ ವಸತಿಯಲ್ಲಿ. ತಲೆಯ ಮೇಲೆಯೇ ವಿಮಾನಗಳ ದಾರಿ. ಮುಂಬಯಿಯ ಮುಖ್ಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಅದರ ಒಂದು ತುದಿಯ ಹೆಸರು 09, ಇನ್ನೊಂದರದು 27. ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳ ಕೊನೆಯ ಸೊನ್ನೆ ತೆಗೆದರೆ ಉಳಿಯುವ ಅಂಕಿ. ಸಮುದ್ರದ ಗಾಳಿ ಪಶ್ಚಿಮದಿಂದ ಬೀಸುವಾಗ ವಿಮಾನಗಳು ಅದಕ್ಕೆ ಮುಖ ಕೊಟ್ಟು, ನಮ್ಮ ಕಡೆಯಿಂದ ಇಳಿಯುತ್ತವೆ. ಭಾನುವಾರ ಬೆಳಿಗ್ಗೆ ಚಹದ ಬಟ್ಟಲು ಹಿಡಿದು ಬಾಲ್ಕನಿಯಲ್ಲಿ ನಿಂತರೆ ಬೇಕಾದಷ್ಟು ಪಾಠ. ಮನೆಯಲ್ಲಿ ಇದಕ್ಕೆ 'ಅಪ್ಪನ ಆಕಾಶವಾಣಿ' ಎಂದು ಹೆಸರಿಟ್ಟಿದ್ದಾರೆ.

ಗಾಳಿ ಬಂದಾಗ ತೂರಿಕೋ ಎಂದರು ನಮ್ಮ ಹಿರಿಯರು. ಕಣದಲ್ಲಿ ರಾಶಿ ತೂರುವ ಮೊದಲು ನಮ್ಮ ಅಜ್ಜ ಒಂದು ಹಿಡಿ ಹೊಟ್ಟು ಮೇಲಕ್ಕೆ ಹಾರಿಸಿ, ಗಾಳಿ ಎತ್ತಲಿಂದ ಎತ್ತ ಎಂದು ನೋಡುತ್ತಿದ್ದರು. ವಿಮಾನ ಇಳಿಸುವವರಿಗೂ ಮೊದಲ ಪ್ರಶ್ನೆ ಇದೇ. ಎದುರುಗಾಳಿ ಅವರಿಗೆ ನೆಂಟ. ರೆಕ್ಕೆಗೆ ಬೇಕಾದದ್ದು ಗಾಳಿಯ ಮೇಲಿನ ವೇಗ. ಗಾಳಿ ಎದುರಿನಿಂದ ಬಂದರೆ ನೆಲದ ಮೇಲಿನ ವೇಗ ಅಷ್ಟು ಕಡಿಮೆಯಾಗಿ, ಬ್ರೇಕಿಗೆ ಕೆಲಸ ಕಡಿಮೆ. ಬೆನ್ನುಗಾಳಿ ಹಾಗಲ್ಲ. 140 ನಾಟ್ ವೇಗದಲ್ಲಿ ಇಳಿಯುವ ವಿಮಾನಕ್ಕೆ 10 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲೆ 130, ಅಷ್ಟೇ ಬೆನ್ನುಗಾಳಿ ಇದ್ದರೆ 150. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಇಪ್ಪತ್ತು ನಾಟ್ ವ್ಯತ್ಯಾಸ ಏನು ಮಹಾ ಎನ್ನಬೇಡಿ. ಬ್ರೇಕು ನುಂಗಬೇಕಾದ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಲೆಕ್ಕ ಹಾಕಿದರೆ ಮೂರನೆಯ ಒಂದು ಪಾಲು ಹೆಚ್ಚು. ರನ್‌ವೇ ಮಾತ್ರ ಇದ್ದಷ್ಟೇ ಇರುತ್ತದೆ.

ಇನ್ನು ಅಡ್ಡಗಾಳಿ. ತುಂಗಭದ್ರೆಯನ್ನು ದೋಣಿಯಲ್ಲಿ ದಾಟಿದವರು ನಮ್ಮ ವಾಚಕರಲ್ಲಿ ಇನ್ನೂ ಇದ್ದಾರು. ನದಿ ತುಂಬಿ ಹರಿಯುವಾಗ ಅಂಬಿಗ ಆಚೆಯ ಕಟ್ಟೆಗೆ ನೇರವಾಗಿ ದೋಣಿಯ ಮೂತಿ ಹಿಡಿಯುವುದಿಲ್ಲ. ಪ್ರವಾಹದ ಎದುರಿಗೆ ಓರೆಯಾಗಿ ಹಿಡಿಯುತ್ತಾನೆ, ದೋಣಿ ಅಡ್ಡಡ್ಡ ಸರಿದು ಕಟ್ಟೆಗೇ ಹೋಗಿ ನಿಲ್ಲುತ್ತದೆ. ಪೈಲಟರು ಮಾಡುವುದೂ ಅದನ್ನೇ. ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ, ಏಡಿಯಂತೆ ಓರೆಯಾಗಿ ಬರುತ್ತಾರೆ. ಆದರೆ ದೋಣಿಗೆ ಚಕ್ರವಿಲ್ಲ, ವಿಮಾನಕ್ಕೆ ಉಂಟು. ಓರೆಯಾಗಿಯೇ ನೆಲಕ್ಕೆ ಬಡಿದರೆ ಚಕ್ರದ ಕಾಲಿಗೆ ಪೆಟ್ಟು. ಆದ್ದರಿಂದ ನೆಲ ಮುಟ್ಟುವ ಕೆಲವೇ ಕ್ಷಣ ಮೊದಲು ಚುಕ್ಕಾಣಿ ಒತ್ತಿ ಮೂತಿಯನ್ನು ರನ್‌ವೇಗೆ ನೇರ ಮಾಡಬೇಕು. ಅದೇ ಕ್ಷಣ ಗಾಳಿ ಬರುವ ಕಡೆಯ ರೆಕ್ಕೆ ಮೇಲೇಳದಂತೆ ಒತ್ತಿ ಹಿಡಿಯಬೇಕು. ಗಾಳಿ ಒಂದೇ ಸಮನೆ ಬೀಸಿದರೆ ಇದು ಕಲಿತವರಿಗೆ ಕಷ್ಟವಲ್ಲ. ಬೀಸಿ ಬಿಟ್ಟು, ಮತ್ತೆ ಬೀಸುವ ಗಾಳಿಯೇ ಪ್ರಾಣಸಂಕಟ.

ಇಂತಿಷ್ಟು ಅಡ್ಡಗಾಳಿಯಲ್ಲಿ ಇಳಿಸಬಹುದು ಎಂದು ವಿಮಾನದ ಪುಸ್ತಕದಲ್ಲಿ ಒಂದು ಅಂಕಿ ಇರುತ್ತದೆ. ಏರ್‌ಬಸ್ 320ಕ್ಕೆ ಅದು 33 ನಾಟ್, ಬೀಸು ಬಂದಾಗ 38. ಸ್ವಾರಸ್ಯವೆಂದರೆ ಇದು ಗೆರೆ ಎಳೆದ ಮಿತಿಯಲ್ಲ. ಕಂಪನಿಯ ಪರೀಕ್ಷಕ ಪೈಲಟರು ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದರು ಎಂಬ ದಾಖಲೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಬೀಳುತ್ತದೆ ಎಂದೂ ಅದು ಹೇಳುವುದಿಲ್ಲ, ಅಷ್ಟರೊಳಗೆ ಎಲ್ಲರ ಕೈಯಲ್ಲೂ ಇಳಿಯುತ್ತದೆ ಎಂದೂ ಹೇಳುವುದಿಲ್ಲ. ಈ ಸಂದಿಗ್ಧದ ಬೆಲೆ ಏನೆಂದು 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗಿನಲ್ಲಿ ಗೊತ್ತಾಯಿತು.

ಅಂದು 'ಎಮ್ಮಾ' ಎಂಬ ಬಿರುಗಾಳಿ. ಮ್ಯೂನಿಕ್‌ನಿಂದ ಬಂದ ಲುಫ್ತಾನ್ಸಾದ ಏರ್‌ಬಸ್ 320, ನೂರಮೂವತ್ತಕ್ಕೂ ಹೆಚ್ಚು ಜನ. ಇಳಿಯಲು ಆರಿಸಿದ ರನ್‌ವೇ 23, ಎಂದರೆ 230 ಡಿಗ್ರಿ. ಗಾಳಿ 300 ಡಿಗ್ರಿಯಿಂದ 33 ನಾಟ್, ಬೀಸು 47 ಎಂದು ಗೋಪುರದವರು ತಿಳಿಸಿದರು. ಎರಡಕ್ಕೂ ನಡುವಿನ ಕೋನ 70. ಅದರ ಸೈನ್ 0.94. ಅಡ್ಡಗಾಳಿ 31, ಬೀಸು ಬಂದಾಗ 44. ಅದೇ ನಿಲ್ದಾಣದಲ್ಲಿ 33 ಎಂಬ ಇನ್ನೊಂದು ರನ್‌ವೇ ಇತ್ತು. ಅಲ್ಲಿ ಕೋನ 30, ಸೈನ್ ಬರಿಯ ಅರ್ಧ. ಅದೇ 47 ನಾಟಿನ ಬೀಸು ಅಡ್ಡಲಾಗಿ 23-24 ಮಾತ್ರ. ವಿಮಾನ 23ಕ್ಕೇ ಬಂತು. ನೆಲ ಮುಟ್ಟುವಾಗ ಗಾಳಿ ಬಲರೆಕ್ಕೆಯನ್ನು ಎತ್ತಿತು, ಎಡರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಹೇಗೋ ಮತ್ತೆ ಮೇಲೇರಿ, ಸುತ್ತಿ ಬಂದು, 33ರಲ್ಲಿ ಇಳಿದರು. ಯಾರಿಗೂ ಗಾಯವಿಲ್ಲ. ಚಿತ್ರ ನೋಡಿದ ಜಗತ್ತು ಪೈಲಟರನ್ನು ವೀರರೆಂದು ಕೊಂಡಾಡಿತು. ಎರಡು ವರ್ಷದ ಮೇಲೆ ಬಂದ ತನಿಖಾ ವರದಿ ಅಷ್ಟು ಉದಾರವಾಗಿರಲಿಲ್ಲ. ಪುಸ್ತಕದ ಆ ಅಂಕಿಯನ್ನು ಮಿತಿಯೆಂದು ತಿಳಿಯಬೇಕೋ ಸಲಹೆಯೆಂದು ತಿಳಿಯಬೇಕೋ ಎಂಬುದೇ ಪೈಲಟರಿಗೆ ಸ್ಪಷ್ಟವಿಲ್ಲ ಎಂದು ಅದು ಬೊಟ್ಟು ಮಾಡಿತು. ಸೈನ್ 30 ಎಂದರೆ ಅರ್ಧ ಎಂಬುದು ಪಿ.ಯು.ಸಿ. ಹುಡುಗರಿಗೂ ಗೊತ್ತು. ಅದನ್ನು ಬಾಲ್ಕನಿಯಲ್ಲಿ ಕುಳಿತು ಲೆಕ್ಕ ಹಾಕುವುದಕ್ಕೂ ಕುಲುಕುವ ಕೋಣೆಯಲ್ಲಿ ಎರಡು ನಿಮಿಷದಲ್ಲಿ ಹಾಕುವುದಕ್ಕೂ ಇರುವ ಅಂತರವನ್ನು ಮಾತ್ರ ನಾವು ಮರೆಯುವುದಿಲ್ಲ.

ನಮ್ಮ ದರ್ಜೆಯ ನೌಕರರು ವಿಮಾನ ಹತ್ತುವುದು ಎಲ್.ಟಿ.ಸಿ.ಯ ಕೃಪೆಯಿಂದ. ಕಾಶ್ಮೀರ, ಲದಾಖ್, ಈಶಾನ್ಯ ರಾಜ್ಯಗಳು, ಅಂಡಮಾನ್ ಇವಕ್ಕೆ ಮಾತ್ರ ಸರ್ಕಾರ ನಮ್ಮಂಥವರಿಗೂ ವಿಮಾನದ ವಿಶೇಷ ಸವಲತ್ತು ಕೊಟ್ಟಿತು. 2023ರ ಜೂನಿನಲ್ಲಿ ನಾವು, ನಮ್ಮಾಕೆ, ಹತ್ತನೆಯ ತರಗತಿ ಮುಗಿಸಿದ ಮಗಳು, ಬಾಂದ್ರಾದಿಂದ ಪಶ್ಚಿಮ್ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ ಹೋಗಿ, ಅಲ್ಲಿಂದ ಬೆಳಗಿನ ವಿಮಾನದಲ್ಲಿ ಲೇಹ್‌ಗೆ ಹೊರಟೆವು. ಲೇಹ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,256 ಮೀಟರ್ ಎತ್ತರದಲ್ಲಿದೆ. ಸುತ್ತ ಬೆಟ್ಟ, ನಡುವೆ ಸಿಂಧೂ ಕಣಿವೆ. ಸಾಮಾನ್ಯವಾಗಿ ಒಂದು ದಿಕ್ಕಿನಿಂದ ಇಳಿದು ಅದೇ ದಿಕ್ಕಿಗೆ ಏರಬೇಕಾದ ಜಾಗ. ಗಾಳಿ ತೆಳು, ಆದ್ದರಿಂದ ಅದೇ ರೆಕ್ಕೆ ಅದೇ ಭಾರ ಹೊರಲು ಸುಮಾರು ಆರನೆಯ ಒಂದು ಪಾಲು ಹೆಚ್ಚು ವೇಗದಲ್ಲಿ ಬರಬೇಕು. ಮಧ್ಯಾಹ್ನವಾದರೆ ಬೆಟ್ಟ ಕಾದು ಗಾಳಿ ಎದ್ದು ಬಿಡುತ್ತದೆಂದು ವಿಮಾನಗಳೆಲ್ಲ ಬೆಳಿಗ್ಗೆಯೇ ಹೋಗಿ ಬರುತ್ತವೆ. ಅಲ್ಲಿಗೆ ಹೋಗಲು ಕ್ಯಾಪ್ಟನ್ನರಿಗೆ ಪ್ರತ್ಯೇಕ ತರಬೇತಿಯೇ ಬೇಕು.

ಅಂದಿನ ನಮ್ಮ ಕ್ಯಾಪ್ಟನ್ ಒಬ್ಬ ಹೆಣ್ಣುಮಗಳು. ಅವರ ದನಿ ಕೇಳಿ ನಮ್ಮ ಮಗಳು ನೆಟ್ಟಗೆ ಕುಳಿತಳು. ನಮ್ಮ ದೇಶದ ಪೈಲಟರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಹೆಂಗಸರು, ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು ಎಂದು ನಾವು ಅವಳಿಗೆ ಹೇಳಿದೆವು. ಹಿಮದ ಬೆಟ್ಟಗಳು ಕಾಣಿಸಿದವು. ಕೆಳಗೆ ಮಣ್ಣಿನ ಬಣ್ಣದ ಕಣಿವೆ, ಅದರಲ್ಲಿ ನೂಲಿನಂಥ ನದಿ. ವಿಮಾನ ಒಂದು ಸುತ್ತು ಹಾಕಿತು, ಎರಡು ಹಾಕಿತು, ಬಿಟ್ಟು ಬಿಟ್ಟು ಕುಲುಕಿತು. ಮೂರನೆಯ ಸುತ್ತಿನಲ್ಲಿ ಮತ್ತೆ ಆ ದನಿ: ರನ್‌ವೇ ಮೇಲೆ ಬೆನ್ನುಗಾಳಿ ಮಿತಿ ಮೀರಿದೆ, ಇಳಿಯುವ ಭರವಸೆ ಕಾಣುತ್ತಿಲ್ಲ, ದಿಲ್ಲಿಗೆ ಹಿಂತಿರುಗುತ್ತೇವೆ. ಅಷ್ಟೇ. ಕ್ಷಮೆಯ ಮಾತಿತ್ತು, ಆದರೆ ಉದ್ದನೆಯ ಸಮಜಾಯಿಷಿ ಇರಲಿಲ್ಲ.

ಆಮೇಲಿನ ಒಂದು ಗಂಟೆ ಆ ವಿಮಾನದೊಳಗಿನ ಗಾಳಿಯೇ ಹೊರಗಿನದಕ್ಕಿಂತ ಬಿರುಸಾಗಿತ್ತು. ಹೋಟೆಲಿಗೆ ಕಟ್ಟಿದ ಹಣ, ಸಿಗದ ರಜೆ, ನಾಳೆಯ ಟಿಕೆಟ್ಟು. ಹಿಂದಿನ ಸಾಲಿನಿಂದ ಒಬ್ಬರು, ಹೆಂಗಸು, ಹೆದರಿದಳು, ಇನ್ನೇನು, ಎಂದು ಸಾಕಷ್ಟು ಗಟ್ಟಿಯಾಗಿಯೇ ಹಿಂದಿಯಲ್ಲಿ ಹೇಳಿದರು. ಮಗಳು ನಮ್ಮ ಮುಖ ನೋಡಿದಳು. ಪಕ್ಕದಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ಲದಾಖಿನ ಅಜ್ಜಿಯೊಬ್ಬರು ಮಾತ್ರ ನಿಶ್ಚಿಂತೆಯಿಂದ ಡಬ್ಬಿ ತೆಗೆದು ಎಲ್ಲರಿಗೂ ಒಣಗಿದ ಏಪ್ರಿಕಾಟ್ ಹಂಚಿದರು. ಅವರು ತವರಿಗೆ ಹೊರಟವರು. ತಮ್ಮ ತೀರಿಕೊಂಡು ಎರಡು ದಿನವಾಗಿತ್ತು ಎಂದು ಆಮೇಲೆ ತಿಳಿಯಿತು. ಅವಸರವಿದ್ದದ್ದು ಇಡೀ ವಿಮಾನದಲ್ಲಿ ಅವರೊಬ್ಬರಿಗೇ.

ದಿಲ್ಲಿಯಲ್ಲಿ ಇಳಿಯುವಾಗ ಕ್ಯಾಪ್ಟನ್ ತಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಬರಬೇಕೆಂದೇನೂ ಇರಲಿಲ್ಲ, ಒಳಗೇ ಕುಳಿತು ಕಾಗದ ತುಂಬುತ್ತಿದ್ದರೆ ಯಾರು ಕೇಳುತ್ತಿದ್ದರು? ಒಬ್ಬ ತರುಣ ಫೋನು ಮುಂದೆ ಹಿಡಿದು, ನಮಗಿಂತ ಮೊದಲು ಹೋದ ಎರಡು ವಿಮಾನ ಲೇಹ್‌ನಲ್ಲಿ ಇಳಿದಿವೆಯಲ್ಲ, ಅವರಿಗಾದದ್ದು ನಿಮಗೇಕೆ ಆಗಲಿಲ್ಲ ಎಂದು ಕೇಳಿದ. ಅವರು ಶಾಂತವಾಗಿ, "ಅವರು ಇಳಿದಾಗಿನ ಗಾಳಿ ಬೇರೆ, ನಾವು ಹೋದಾಗಿನ ಗಾಳಿ ಬೇರೆ" ಎಂದರು. ನಮ್ಮಾಕೆಗೆ ಹಿಂದಿ ಅಷ್ಟಕ್ಕಷ್ಟೇ, ಇಂಗ್ಲಿಷು ಅದಕ್ಕೂ ಕಡಿಮೆ. ಆದರೂ ನಿಂತು, ಕೈಮುಗಿದು, ಅಚ್ಚ ಧಾರವಾಡದ ಮಾತಿನಲ್ಲಿ, "ಚಲೋ ಮಾಡಿದ್ರಿ ನೋಡ್ರೀ ತಾಯಿ. ನಾಳೆ ಹೋದ್ರಾತು, ಬೆಟ್ಟ ಎಲ್ಲಿ ಓಡಿ ಹೋಗ್ತಾವ?" ಎಂದಳು. ಆ ತಾಯಿಗೆ ಒಂದಕ್ಷರ ತಿಳಿದಿರಲಾರದು. ಆದರೆ ನಕ್ಕರು, ತಾವೂ ಕೈಮುಗಿದರು.

ಆ ತರುಣನ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕಿ ಹೋದರೆ 1975ರ ಜೂನ್ 24ಕ್ಕೆ, ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಅಂದು ಮಧ್ಯಾಹ್ನ ಗುಡುಗು-ಮಳೆ. ಒಂದು ಸರಕು ವಿಮಾನ ಹೇಗೋ ಇಳಿಯಿತು. ಅದರ ಪೈಲಟ್ ಕೂಡಲೇ ಗೋಪುರಕ್ಕೆ, ನೆಲದ ಹತ್ತಿರ ಗಾಳಿ ಭಯಂಕರವಾಗಿ ಬದಲಾಗುತ್ತಿದೆ, ರನ್‌ವೇ ಬದಲಿಸಿ ಎಂದು ತಿಳಿಸಿದ. ನಮ್ಮ ಯಂತ್ರದಲ್ಲಿ ಗಾಳಿ ರನ್‌ವೇಗೆ ನೇರವಾಗಿ 15 ನಾಟ್ ಮಾತ್ರ ತೋರಿಸುತ್ತಿದೆ ಎಂದು ಅಲ್ಲಿಂದ ಉತ್ತರ. ಅದರ ಹಿಂದೆ ಬಂದ ಈಸ್ಟರ್ನ್ ಕಂಪನಿಯ 902ನೆಯ ವಿಮಾನ ಅದೇ ಗಾಳಿಗೆ ಸಿಕ್ಕಿ, ಇಳಿಯುವುದನ್ನು ಬಿಟ್ಟು ಮೇಲೇರಿತು. ಆಮೇಲೆ ಇನ್ನೆರಡು ವಿಮಾನಗಳು ಇಳಿದವು. ಅವುಗಳ ಹಿಂದೆ ಬಂದದ್ದು ಈಸ್ಟರ್ನ್ 66. 902ರ ಸಂಗತಿ ಅವರಿಗೂ ತಿಳಿದಿತ್ತು. ಆದರೆ ನಡುವೆ ಇಬ್ಬರು ಇಳಿದಿದ್ದರಲ್ಲ! ಅದರಲ್ಲಿದ್ದ 124 ಜನರಲ್ಲಿ 113 ಮಂದಿ ತೀರಿಕೊಂಡರು.

ಆ ಗಾಳಿಯ ಗುಟ್ಟನ್ನು ಆಮೇಲೆ ಬಿಡಿಸಿದವರು ತೆತ್ಸುಯಾ ಫುಜಿತ ಎಂಬ ಜಪಾನೀ ಮೂಲದ ವಿಜ್ಞಾನಿ. ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ಕಂಬದಂತೆ ಕೆಳಗೆ ಬಿದ್ದು, ಕಲ್ಲಿನ ಮೇಲೆ ಕೊಡದ ನೀರು ಸುರಿದಂತೆ ಎಲ್ಲ ಕಡೆಗೂ ಚಿಮ್ಮುತ್ತದೆ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ಆಹಾ, ವೇಗ ಹೆಚ್ಚಿತು ಎನ್ನುವಷ್ಟರಲ್ಲಿ ಗಾಳಿ ಮೇಲಿನಿಂದ ಅದುಮುತ್ತದೆ, ಮರುಕ್ಷಣ ಬೆನ್ನಿಗೆ ಬಂದು ರೆಕ್ಕೆಯ ಬಲವನ್ನೇ ಕಸಿಯುತ್ತದೆ. ಮೊದಲು ಕೈತುಂಬ ಕೊಟ್ಟು ಆಮೇಲೆ ಹೊಲ ಬರೆಸಿಕೊಳ್ಳುವ ಬಡ್ಡಿ ಸಾಹುಕಾರರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಡೀ ವ್ಯವಹಾರ ಕೆಲವೇ ನಿಮಿಷದ್ದು. ಮುಂದಿನವರು ಇಳಿದದ್ದು ಹಿಂದಿನವರಿಗೆ ಸಾಕ್ಷಿಯಾಗುವುದೇ ಇಲ್ಲ. ಈಗ ಇದನ್ನು ಮುಂದಾಗಿ ಪತ್ತೆ ಮಾಡುವ ಯಂತ್ರಗಳು ವಿಮಾನದಲ್ಲೇ ಇವೆ. ಅಪಾಯ ಕಂಡರೆ ಮನುಷ್ಯರ ದನಿಯಲ್ಲಿ ಕೂಗಿ ಹೇಳುತ್ತವೆ. ಕೇಳುವ ಕೆಲಸ ಮಾತ್ರ ಇನ್ನೂ ಮನುಷ್ಯರದೇ.

ನಮ್ಮ ಕಚೇರಿಯ ಮಾತು ಹೇಳುತ್ತೇವೆ. ಕಡತದ ಮೇಲೆ 'ಅವಕಾಶವಿಲ್ಲ' ಎಂದು ಬರೆದ ಗುಮಾಸ್ತನಿಗೆ ಯಾವ ಆಡಿಟ್ಟೂ ತೊಂದರೆ ಕೊಟ್ಟದ್ದನ್ನು ನಾವು ಕಂಡಿಲ್ಲ. 'ಆಗಬಹುದು' ಎಂದು ಬರೆದವನಿಗೇ ಎಲ್ಲ ಸಂಕಟ. ಯಾವ ನಿಯಮದಡಿ, ಯಾರ ಅಪ್ಪಣೆಯಿಂದ, ನಷ್ಟ ಯಾರಿಂದ ವಸೂಲು. ಆದ್ದರಿಂದ ಬುದ್ಧಿವಂತರು ಇಲ್ಲವೆಂದು ಬರೆದು ನೆಮ್ಮದಿಯಾಗಿ ನಿವೃತ್ತರಾಗುತ್ತಾರೆ. ಕ್ಯಾಪ್ಟನ್ನರ ಲೋಕದಲ್ಲಿ ಇದು ತಲೆಕೆಳಗು. ಅಲ್ಲಿ 'ಆಗಬಹುದು' ಎಂದವರನ್ನು, ಎಲ್ಲ ಸರಿಹೋದರೆ, ಯಾರೂ ಏನೂ ಕೇಳುವುದಿಲ್ಲ. 'ಬೇಡ' ಎಂದವರಿಗೆ ಇಂಧನದ ಖರ್ಚು, ತಡವಾದ ಮುಂದಿನ ವಿಮಾನ, ಬೈಗುಳ. ಇನ್ನೂ ಒಂದು ಕಷ್ಟವಿದೆ. ಇಳಿಯದೆ ಹೋದದ್ದು ಸರಿಯಾಗಿತ್ತು ಎಂದು ರುಜುವಾತು ಮಾಡುವ ಬಗೆಯೇ ಇಲ್ಲ. ಇಳಿದಿದ್ದರೆ ಏನಾಗುತ್ತಿತ್ತು ಎಂಬ ಕಾಗದ ಯಾವ ಕಡತದಲ್ಲೂ ಸಿಗುವುದಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಆ 'ಬಹುಶಃ'ವನ್ನು ಹೊತ್ತುಕೊಂಡು ಬಾಗಿಲಲ್ಲಿ ನಿಂತು ಪ್ರಯಾಣಿಕರ ಮುಖ ನೋಡಬೇಕು.

ಹಾಗೆಂದು ಈ 'ಬೇಡ' ಎಂಬುದು ಆ ಕ್ಷಣದಲ್ಲಿ ಹುಟ್ಟುವ ಮಾತಲ್ಲ. ಹೊರಡುವ ಮೊದಲೇ ಅದಕ್ಕೆ ಬುತ್ತಿ ಕಟ್ಟಿರಬೇಕು. ಹೋಗುವ ಊರಿಗೆ ಸಾಕಾಗುವಷ್ಟು ಇಂಧನ, ಅಲ್ಲಿ ಇಳಿಯಲಾಗದಿದ್ದರೆ ಗೊತ್ತುಮಾಡಿದ ಬೇರೊಂದು ಊರಿಗೆ ಹೋಗುವಷ್ಟು, ಅದರ ಮೇಲೆ ಅಲ್ಲಿ ಅರ್ಧ ಗಂಟೆ ಸುತ್ತುವಷ್ಟು, ಇದು ನಿಯಮ. ಗಾಳಿಯ ಸುಳಿವಿದ್ದರೆ ಕ್ಯಾಪ್ಟನ್ನರು ಇನ್ನೂ ಕೊಂಚ ಕೇಳಿ ಹಾಕಿಸಿಕೊಳ್ಳಬಹುದು. ಹೆಚ್ಚಿನ ಇಂಧನವನ್ನು ಹೊರಲೂ ಇಂಧನ ಬೇಕು, ಕಂಪನಿಗೆ ಅದು ಖರ್ಚು. ಆದರೆ ಟ್ಯಾಂಕು ಬರಿದಾದವರು ಯಾವ ಗಾಳಿಗೂ ಬೇಡ ಎನ್ನಲಾರರು.

ಈ ಮಾತು ಬರೆಯುವಾಗ 2020ರ ಆಗಸ್ಟ್ 7ರ ಕಲ್ಲಿಕೋಟೆ ನೆನಪಾಗದೆ ಇರದು. ಕೊರೋನಾ ಕಾಲದಲ್ಲಿ ದುಬೈನಿಂದ ನಮ್ಮವರನ್ನು ಕರೆತಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, 190 ಜನ. ಜೋರು ಮಳೆ. ಮೊದಲ ಸಲ ಬಂದು, ಇಳಿಯದೆ ಮೇಲೇರಿದರು. ಅದು ಸರಿಯಾಗಿಯೇ ಇತ್ತು. ಎರಡನೆಯ ಸಲ ಇನ್ನೊಂದು ದಿಕ್ಕಿನಿಂದ ಬಂದರು, ಅಲ್ಲಿ ಬೆನ್ನುಗಾಳಿ. 2,700 ಮೀಟರಿನ ರನ್‌ವೇಯಲ್ಲಿ ಅರ್ಧದಷ್ಟು ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಅದು, ತುದಿಯಿಂದಾಚೆ ಪ್ರಪಾತ. ಇಬ್ಬರು ಪೈಲಟರೂ ಸೇರಿ 21 ಜನ ಹೋದರು. ಸಹಪೈಲಟ್ 'ಗೋ ಅರೌಂಡ್' ಎಂದದ್ದು ಧ್ವನಿಮುದ್ರಣದಲ್ಲಿದೆ. ಮರುದಿನ ಬೆಳಿಗ್ಗೆ ಅಲ್ಲಿಂದಲೇ ಹೊರಡಬೇಕಿದ್ದ ಕೆಲಸವೂ ಕ್ಯಾಪ್ಟನ್ನರ ಮನಸ್ಸಿನಲ್ಲಿ ಇದ್ದೀತು ಎಂದು ವರದಿ ಬರೆಯಿತು. ನಾಳೆಯ ಡ್ಯೂಟಿಯ ಚಿಂತೆ ಎಂಥದೆಂದು ನೌಕರಿ ಮಾಡುವವರಿಗೆ ಗೊತ್ತು. ಸತ್ತವರ ಮೇಲೆ ತಪ್ಪು ಹೊರಿಸಲು ನಮಗೆ ಮನಸ್ಸು ಬರುವುದಿಲ್ಲ.

ಅದಕ್ಕೂ ಹತ್ತು ವರ್ಷ ಮೊದಲು, 2010ರ ಮೇ 22ರಂದು, ನಮ್ಮ ಮಂಗಳೂರಿನಲ್ಲಿ 158 ಜನ ಹೋದಾಗ ಗಾಳಿಯ ಅಪರಾಧವೇನೂ ಇರಲಿಲ್ಲ. ಅಂದೂ ಸಹಪೈಲಟ್ ಮೂರು ಸಲ ಹೇಳಿದ್ದ. ಮುಂಬಯಿಯ ನಮ್ಮ ತುಳುನಾಡಿನ ಬಂಧುಗಳ ಎಷ್ಟು ಮನೆಗಳಲ್ಲಿ ಆ ವಾರ ಅನ್ನ ಬೇಯಲಿಲ್ಲವೆಂದು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಅಮೆರಿಕದ ಫ್ಲೈಟ್ ಸೇಫ್ಟಿ ಫೌಂಡೇಶನ್ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಇಳಿಯಲು ಬರುವಾಗ ವೇಗ, ಎತ್ತರ, ದಾರಿ ಯಾವುದಾದರೂ ಹದ ತಪ್ಪಿದ್ದರೆ ಗೋ ಅರೌಂಡ್ ಮಾಡಬೇಕೆಂದು ನಿಯಮ. ಹಾಗೆ ಹದ ತಪ್ಪಿ ಬಂದ ನೂರರಲ್ಲಿ ಮೇಲೇರಿದವು ಕೇವಲ ಮೂರು. ಉಳಿದ ತೊಂಬತ್ತೇಳು ಇಳಿದೇ ಬಿಟ್ಟವು, ಹೆಚ್ಚಿನಂಶ ಏನೂ ಆಗದೆ. ಆ 'ಏನೂ ಆಗದೆ' ಎಂಬುದೇ ಮುಂದಿನ ಸಲಕ್ಕೆ ಧೈರ್ಯ ಕೊಡುವ ಕೆಟ್ಟ ಗುರು. ಇದನ್ನು ಕಂಡುಕೊಂಡೇ ಹಲವು ವಿಮಾನ ಸಂಸ್ಥೆಗಳು, ಇಳಿಯದೆ ಮೇಲೇರಿದ ಪೈಲಟರಿಗೆ ಶಿಕ್ಷೆಯಿಲ್ಲ ಎಂದು ನಿಯಮ ಮಾಡಿಕೊಂಡವು. ಕಂಪನಿ ಸುಮ್ಮನಿದ್ದರೂ ಪ್ರಯಾಣಿಕರು ಸುಮ್ಮನಿರಬೇಕಲ್ಲ! ಬಾಗಿಲಲ್ಲಿ ಫೋನು ಹಿಡಿದು ನಿಲ್ಲುವವರಿಗೆ ಯಾವ ನಿಯಮ ಮಾಡಲಾದೀತು?

ಮರುದಿನ ನಾವು ಲೇಹ್ ಸೇರಿದೆವು. ಗಾಳಿಯಿರಲಿಲ್ಲ, ವಿಶೇಷವೇನೂ ನಡೆಯಲಿಲ್ಲ. ಕಥೆ ನಡೆದದ್ದು ಮುಂಬಯಿಗೆ ಮರಳಿ ಎಲ್.ಟಿ.ಸಿ. ಬಿಲ್ಲು ಸಲ್ಲಿಸಿದ ಮೇಲೆ. ಬಿಲ್ಲು ವಿಭಾಗದಿಂದ ಹಾಳೆ ಬಂತು: ದಿಲ್ಲಿ-ಲೇಹ್ ಬೋರ್ಡಿಂಗ್ ಪಾಸ್ ಎರಡು ದಿನಾಂಕದ್ದು ಏಕಿವೆ? ಮೊದಲ ದಿನ ಇಳಿಯಲಿಲ್ಲವೆಂದು ಬರೆದೆವು. ಮತ್ತೆ ಹಾಳೆ: ಅಲ್ಲಿಯವರೆಗೆ ಹೋಗಿ ಇಳಿಯದಿರಲು ಕಾರಣವೇನು? ಗಾಳಿ ಎಂದು ಬರೆದೆವು. ಮೂರನೆಯ ಹಾಳೆ: ಇಳಿಯಬಾರದೆಂದು ತೀರ್ಮಾನಿಸಿದ ಸಕ್ಷಮ ಪ್ರಾಧಿಕಾರ ಯಾವುದು? ಮಗಳು ಪಕ್ಕದಲ್ಲೇ ಕುಳಿತಿದ್ದಳು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಾರಾಟದಲ್ಲಿರುವ ವಿಮಾನದ ವಿಷಯದಲ್ಲಿ ಕೊನೆಯ ಮಾತು ಅದರ ಕ್ಯಾಪ್ಟನ್ನರದು, ಅವರ ಮೇಲೆ ಇನ್ನಾರೂ ಇಲ್ಲ ಎಂದು ಅವಳ ಕೈಯಿಂದಲೇ ಬರೆಸಿ, ಕೆಳಗೆ ನಾವು ಸಹಿ ಮಾಡಿದೆವು. ಹನ್ನೊಂದು ದಿನಕ್ಕೆ ಬಿಲ್ಲು ಪಾಸಾಯಿತು.